ಸೇನೆ ವಾಪಸ್ ಬರಲಿ ಎಂದು ಯಾವಾಗ ಕೇಳಬೇಕಿತ್ತು?

(ಪದವಿ ಕಾಲೇಜೊಂದರ ಚರ್ಚಾ ಕೂಟದಲ್ಲಿ ಆಡಿದ ಮಾತುಗಳ ಬರಹ ರೂಪ. ಸಭೆಯಲ್ಲಿ ಬಂದ ಕೆಲವು ಪ್ರಶ್ನೆಗಳನ್ನೂ ಕೊನೆಗೆ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನೀವು ಕೊಟ್ಟ ವಿಷಯ: 'ಪರದೇಶದ ಯುದ್ಧದಲ್ಲಿ ಸಿಕ್ಕಿಕೊಂಡ ದೇಶ ತನ್ನ ಸೇನೆಯನ್ನು ವಾಪಸ್ ಕರೆಸಬೇಕೇ?' ಈ ಮಾತು ಬಂದ ಕೂಡಲೇ ವಿಯೆಟ್ನಾಂ ನೆನಪಾಗುತ್ತದೆ, ಇರಾಕ್ ನೆನಪಾಗುತ್ತದೆ. 2021ರ ಆಗಸ್ಟ್‌ನಲ್ಲಿ ಕಾಬೂಲ್ ವಿಮಾನ ನಿಲ್ದಾಣದಲ್ಲಿ ಜನ ವಿಮಾನದ ಹಿಂದೆ ಓಡಿದ್ದನ್ನು ನೀವೆಲ್ಲ ಮೊಬೈಲಿನಲ್ಲಿ ನೋಡಿದ್ದೀರಿ. ಹಾಗಾಗಿ ಇದು ಅಮೆರಿಕದವರ ತಲೆನೋವು ಅಂತ ಅನ್ನಿಸುವುದು ಸಹಜ.

ಆದರೆ ಇದೇ ಪ್ರಶ್ನೆ ನಮ್ಮ ದೇಶದ ಮುಂದೆಯೂ ಬಂದಿತ್ತು. 1987ರ ಜುಲೈ ಕೊನೆಗೆ ಭಾರತದ ಸೈನಿಕರು ಶ್ರೀಲಂಕಾಕ್ಕೆ ಇಳಿದರು. ಕೊನೆಯ ತುಕಡಿ ಹೊರಟಿದ್ದು 1990ರ ಮಾರ್ಚ್ 24ಕ್ಕೆ. ಈ ನಡುವೆ ನಮ್ಮ 1,100ಕ್ಕೂ ಹೆಚ್ಚು ಯೋಧರು ಅಲ್ಲಿ ಸತ್ತರು. ಸಾವಿರಾರು ಜನ ಗಾಯಗೊಂಡರು. ಈ ಕಥೆ ನಮ್ಮ ಶಾಲೆಯ ಪಾಠಗಳಲ್ಲಿ ಕಾಣುವುದು ಕಡಿಮೆ. ಕಾರ್ಗಿಲ್ ಬಗ್ಗೆ ಕೇಳಿದರೆ ಹುಡುಗರು ಶಿಖರಗಳ ಹೆಸರು ಹೇಳುತ್ತಾರೆ. ಶ್ರೀಲಂಕಾದ ಉತ್ತರ ತುದಿಯ ಜಾಫ್ನಾ ಎಂದರೆ ಸುಮ್ಮನಾಗುತ್ತಾರೆ. ಹಾಗಾಗಿ ಇವತ್ತು ಪೂರ್ತಿ ಅದರ ಬಗ್ಗೆಯೇ ಮಾತಾಡುತ್ತೇನೆ.

ಹಿನ್ನೆಲೆಯನ್ನು ಬೇಗ ಹೇಳಿಬಿಡುತ್ತೇನೆ. 1983ರ ಜುಲೈನಲ್ಲಿ ಕೊಲಂಬೊದಲ್ಲೂ ಸುತ್ತಮುತ್ತಲೂ ಅಲ್ಪಸಂಖ್ಯಾತ ತಮಿಳರ ಮೇಲೆ ಭೀಕರ ದಾಳಿ ನಡೆಯಿತು. ಸಾವಿರಾರು ಜನ ಸಮುದ್ರ ದಾಟಿ ತಮಿಳುನಾಡಿಗೆ ಬಂದರು. ಭಾರತ ಒಂದು ಕೈಯಲ್ಲಿ ಮಾತುಕತೆ ನಡೆಸಿತು, ಇನ್ನೊಂದು ಕೈಯಲ್ಲಿ ತಮಿಳು ಉಗ್ರಗಾಮಿ ಗುಂಪುಗಳಿಗೆ ತರಬೇತಿ, ಆಯುಧ ಕೊಟ್ಟಿತು. ಪ್ರತ್ಯೇಕ ತಮಿಳು ದೇಶಕ್ಕಾಗಿ ಹೋರಾಡುತ್ತಿದ್ದ, ಪ್ರಭಾಕರನ್ ನೇತೃತ್ವದ ಎಲ್‌ಟಿಟಿಇ ಆ ಗುಂಪುಗಳಲ್ಲಿ ಒಂದು. 1987ರ ಮೇ ತಿಂಗಳಲ್ಲಿ ಶ್ರೀಲಂಕಾ ಸೇನೆ ಜಾಫ್ನಾ ಪರ್ಯಾಯ ದ್ವೀಪದ ವಡಮರಾಚ್ಚಿಗೆ ನುಗ್ಗಿತು. ಜನ ಹಸಿದಿದ್ದಾರೆ ಎಂದು ಭಾರತ ದೋಣಿಗಳಲ್ಲಿ ಆಹಾರ ಕಳಿಸಿತು. ಶ್ರೀಲಂಕಾ ನೌಕಾಪಡೆ ಅವನ್ನು ವಾಪಸ್ ಕಳಿಸಿತು. ಮಾರನೆಯ ದಿನ, ಜೂನ್ 4ಕ್ಕೆ, ನಮ್ಮ ಎಎನ್-32 ವಿಮಾನಗಳು ಬೆಂಗಳೂರಿನಿಂದ ಹಾರಿ, ಮಿರಾಜ್ ಯುದ್ಧವಿಮಾನಗಳ ಕಾವಲಿನಲ್ಲಿ, ಜಾಫ್ನಾ ಮೇಲೆ ಸುಮಾರು 25 ಟನ್ ಸಾಮಗ್ರಿ ಉದುರಿಸಿ ಬಂದವು. ಇನ್ನೊಂದು ದೇಶದ ಆಕಾಶಕ್ಕೆ ಕೇಳದೆ ಹೋಗಿ ಬಂದಂತಾಯಿತು. ಕೊಲಂಬೊಗೆ ಸಂದೇಶ ಅರ್ಥವಾಯಿತು.

ಎರಡು ತಿಂಗಳೊಳಗೆ, ಜುಲೈ 29ಕ್ಕೆ, ರಾಜೀವ್ ಗಾಂಧಿ ಮತ್ತು ಅಧ್ಯಕ್ಷ ಜಯವರ್ಧನೆ ಕೊಲಂಬೊದಲ್ಲಿ ಒಪ್ಪಂದಕ್ಕೆ ಸಹಿ ಹಾಕಿದರು. ಉತ್ತರ ಮತ್ತು ಪೂರ್ವ ಪ್ರಾಂತ್ಯಗಳನ್ನು ತಾತ್ಕಾಲಿಕವಾಗಿ ಒಂದು ಮಾಡುವುದು, ಪ್ರಾಂತೀಯ ಮಂಡಳಿಗಳಿಗೆ ಅಧಿಕಾರ ಹಂಚುವುದು, ಉಗ್ರಗಾಮಿಗಳು 72 ಗಂಟೆಯೊಳಗೆ ಆಯುಧ ಒಪ್ಪಿಸುವುದು. ಇದನ್ನೆಲ್ಲ ನೋಡಿಕೊಳ್ಳಲು ಬೇಕಾದರೆ ಶ್ರೀಲಂಕಾ ಅಧ್ಯಕ್ಷರು ಭಾರತದ ಶಾಂತಿಪಾಲನಾ ಪಡೆಯನ್ನು ಕರೆಸಿಕೊಳ್ಳಬಹುದು ಎಂಬ ಮಾತು ಅದರಲ್ಲಿತ್ತು. ಆಯುಧ ಒಪ್ಪಿಸಬೇಕಾಗಿದ್ದ ಎಲ್‌ಟಿಟಿಇ ಈ ಕಾಗದಕ್ಕೆ ಸಹಿಯನ್ನೇ ಹಾಕಿರಲಿಲ್ಲ. ಮುಂದಿನ ಎಲ್ಲ ಅನಾಹುತಕ್ಕೂ ಬೇರು ಅಲ್ಲೇ ಇದೆ.

ದೇಶದ ಬಹುಸಂಖ್ಯಾತರಾದ ಸಿಂಹಳೀಯರಿಗೂ ಒಪ್ಪಂದ ಬೇಡವಾಗಿತ್ತು. ಸಹಿ ಬಿದ್ದ ಮರುದಿನ ಕೊಲಂಬೊದಲ್ಲಿ ಗೌರವ ರಕ್ಷೆ ಪರಿಶೀಲಿಸುತ್ತಿದ್ದ ರಾಜೀವ್ ಗಾಂಧಿಯವರ ಮೇಲೆ ಶ್ರೀಲಂಕಾ ನೌಕಾಪಡೆಯ ಒಬ್ಬ ನಾವಿಕ ಬಂದೂಕಿನ ಹಿಡಿಯಿಂದ ಹೊಡೆದ. ಅವರು ಬಗ್ಗಿದ್ದರಿಂದ ಪೆಟ್ಟು ಹೆಗಲಿಗೆ ಬಿತ್ತು. ದಕ್ಷಿಣದಲ್ಲಿ ಸಿಂಹಳೀಯರ ಎಡಪಂಥೀಯ ಪಕ್ಷ ಜೆವಿಪಿ ದಂಗೆ ಎದ್ದಿತು. ಇತ್ತ ಜಾಫ್ನಾದಲ್ಲಿ ತಮಿಳರು ನಮ್ಮ ಸೈನಿಕರನ್ನು ಹೂವಿನ ಹಾರ ಹಾಕಿ ಸ್ವಾಗತಿಸಿದರು. ಇನ್ನು ಗುಂಡಿನ ಸದ್ದು ಇರುವುದಿಲ್ಲ ಎಂದು ಆ ಜನ ನಿಜವಾಗಿ ನಂಬಿದ್ದರು.

ಆ ನಂಬಿಕೆ ಬಾಳಿದ್ದು ಎರಡೇ ತಿಂಗಳು. ಎಲ್‌ಟಿಟಿಇ ಒಂದಷ್ಟು ಆಯುಧ ಕೊಟ್ಟಿತು, ಉಳಿದದ್ದನ್ನು ಬಚ್ಚಿಟ್ಟಿತು. ಸೆಪ್ಟೆಂಬರ್‌ನಲ್ಲಿ ಅದರ ಯುವ ನಾಯಕ ತಿಲೀಪನ್ ನಲ್ಲೂರು ದೇವಸ್ಥಾನದ ಬಳಿ ಭಾರತದ ಮುಂದೆ ಬೇಡಿಕೆ ಇಟ್ಟು ಉಪವಾಸ ಕೂತ. ಹನಿ ನೀರೂ ಮುಟ್ಟಲಿಲ್ಲ. 26ಕ್ಕೆ ಸತ್ತ. ಜಾಫ್ನಾದ ಮನಸ್ಸು ನಮ್ಮ ವಿರುದ್ಧ ತಿರುಗಿದ್ದು ಆ ದಿನಗಳಲ್ಲಿ. ಅಕ್ಟೋಬರ್ ಮೊದಲ ವಾರ ಶ್ರೀಲಂಕಾ ನೌಕಾಪಡೆ ಸಮುದ್ರದಲ್ಲಿ ಎಲ್‌ಟಿಟಿಇಯ 17 ಜನರನ್ನು ಹಿಡಿಯಿತು. ಅವರನ್ನು ಕೊಲಂಬೊಗೆ ಒಯ್ಯುತ್ತೇವೆ ಎಂದಿತು. ಪಲಾಲಿ ವಾಯುನೆಲೆಯಲ್ಲಿ ಅವರು ಸೈನೈಡ್ ನುಂಗಿದರು. 12 ಜನ ಸತ್ತರು. ಎಲ್‌ಟಿಟಿಇ ಒಪ್ಪಂದ ಮುರಿಯಿತು, ಸಿಂಹಳೀಯರನ್ನು ಕೊಂದಿತು, ನಮ್ಮವರ ಮೇಲೂ ಗುಂಡು ಹಾರಿಸಿತು. ಅಕ್ಟೋಬರ್ 10ರ ಹೊತ್ತಿಗೆ ದೆಹಲಿಯಿಂದ ಆದೇಶ ಬಂತು: ಎಲ್‌ಟಿಟಿಇಯ ಆಯುಧ ಕಿತ್ತುಕೊಳ್ಳಿ, ಜಾಫ್ನಾ ವಶಪಡಿಸಿಕೊಳ್ಳಿ. 'ಆಪರೇಷನ್ ಪವನ್' ಶುರುವಾಯಿತು.

ಇಲ್ಲಿ ಸ್ವಲ್ಪ ನಿಲ್ಲೋಣ. ನಾನು ಹೇಳಬೇಕು ಅಂತ ಬಂದಿರುವ ಮಾತು ಇಲ್ಲಿಯೇ ಇದೆ.

ಜುಲೈನಲ್ಲಿ ಸೇನೆಗೆ ಕೊಟ್ಟ ಕೆಲಸ ಒಂದು, ಅಕ್ಟೋಬರ್‌ನಲ್ಲಿ ಕೊಟ್ಟ ಕೆಲಸ ಇನ್ನೊಂದು. ಮೊದಲನೆಯದು ಇಬ್ಬರ ನಡುವೆ ನಿಂತು ಕದನವಿರಾಮ ಕಾಯುವುದು. ಎರಡನೆಯದು ಆ ಇಬ್ಬರಲ್ಲಿ ಒಬ್ಬನ ಮೇಲೆ ಯುದ್ಧ ಮಾಡುವುದು. ಹಳ್ಳಿಯಲ್ಲಿ ಜಮೀನಿನ ಜಗಳಕ್ಕೆ ಪಂಚಾಯ್ತಿ ಮಾಡಲು ಹೋದವನು ಒಬ್ಬನ ಮೇಲೆ ಕೈ ಮಾಡಿದರೆ, ಆ ಕ್ಷಣದಿಂದ ಅವನು ಪಂಚನಾಗಿ ಉಳಿಯುವುದಿಲ್ಲ, ಅಲ್ವಾ? ಅವನೂ ಜಗಳದ ಒಂದು ಪಾರ್ಟಿ ಆಗುತ್ತಾನೆ. ಸೇನೆ ಅದೇ, ಸಮವಸ್ತ್ರ ಅದೇ, ಹೆಸರೂ ಅದೇ. ಕೆಲಸ ಮಾತ್ರ ತಲೆಕೆಳಗಾಗಿತ್ತು. ಇರಬೇಕೇ, ಬರಬೇಕೇ ಎಂಬ ಚರ್ಚೆ ನಡೆಯಬೇಕಾಗಿದ್ದು ಆ ವಾರ. ನಾವು ಆ ಚರ್ಚೆ ಮಾಡಿದ್ದು 1989ರಲ್ಲಿ. ಅಷ್ಟರಲ್ಲಿ ನೂರಾರು ಶವಪೆಟ್ಟಿಗೆಗಳು ವಾಪಸ್ ಬಂದಿದ್ದವು.

ತಡವಾಗಿ ಕೇಳಿದ್ದರ ಬೆಲೆ ಎಷ್ಟು ಅಂತ ತಿಳಿಯಲು ಒಂದು ರಾತ್ರಿಯ ಘಟನೆ ಹೇಳುತ್ತೇನೆ.

ಅಕ್ಟೋಬರ್ 11ರ ನಡುರಾತ್ರಿ. ಎಲ್‌ಟಿಟಿಇಯ ದೊಡ್ಡ ನಾಯಕರು ಜಾಫ್ನಾ ವಿಶ್ವವಿದ್ಯಾಲಯದ ಹತ್ತಿರ ಇದ್ದಾರೆ ಎಂಬ ಸುದ್ದಿ. ಹೆಲಿಕಾಪ್ಟರ್‌ಗಳಲ್ಲಿ ಹೋಗಿ ವಿಶ್ವವಿದ್ಯಾಲಯದ ಫುಟ್‌ಬಾಲ್ ಮೈದಾನದಲ್ಲಿ ಇಳಿದು ಅವರನ್ನು ಹಿಡಿಯುವುದು ಯೋಜನೆ. ಮೊದಲು ಪ್ಯಾರಾ ಕಮಾಂಡೊಗಳು, ಹಿಂದೆಯೇ ಸಿಖ್ ಲೈಟ್ ಇನ್‌ಫೆಂಟ್ರಿಯ 13ನೇ ಬಟಾಲಿಯನ್ನಿನ ಸೈನಿಕರು. ನಮ್ಮ ರೇಡಿಯೊ ಮಾತುಗಳನ್ನು ಎಲ್‌ಟಿಟಿಇ ಕೇಳಿಸಿಕೊಂಡಿತ್ತು. ಮೈದಾನದ ಸುತ್ತ ಕಟ್ಟಡಗಳಲ್ಲಿ ಮೆಷಿನ್‌ಗನ್ ಇಟ್ಟುಕೊಂಡು ಕಾಯುತ್ತಿತ್ತು. ಮೊದಲ ಹಾರಾಟಗಳಲ್ಲಿ ಕಮಾಂಡೊಗಳೂ 30 ಜನ ಸಿಖ್ ಯೋಧರೂ ಇಳಿದರು. ಆಮೇಲೆ ಗುಂಡಿನ ಮಳೆ ಎಷ್ಟಿತ್ತೆಂದರೆ ಹೆಲಿಕಾಪ್ಟರ್‌ಗಳು ಮತ್ತೆ ಇಳಿಯುವಂತೆಯೇ ಇರಲಿಲ್ಲ. ಬರಬೇಕಾದ ಉಳಿದವರು ಬರಲಿಲ್ಲ. ಆ 30 ಜನ ರಾತ್ರಿಯಿಡೀ, ಬೆಳಗಾದ ಮೇಲೂ ಹೋರಾಡಿದರು. ಗುಂಡು ಮುಗಿದವು. ಕೊನೆಗೆ ಉಳಿದ ಕೆಲವರು ಬಂದೂಕಿಗೆ ಬಯೊನೆಟ್ ಸಿಕ್ಕಿಸಿಕೊಂಡು ಮುಂದೆ ನುಗ್ಗಿದರು. 29 ಜನ ಸತ್ತರು. ಒಬ್ಬ ಸೆರೆಸಿಕ್ಕ.

ಈ ಹುಡುಗರಿಗೆ ಎರಡೂವರೆ ತಿಂಗಳ ಹಿಂದೆ ಏನು ಹೇಳಿತ್ತು ನಮ್ಮ ದೇಶ? ಶಾಂತಿ ಕಾಯಲು ಹೋಗುತ್ತಿದ್ದೇವೆ ಎಂದು. ಅವರ ಧೈರ್ಯದ ಬಗ್ಗೆ ಯಾರೂ ಎರಡು ಮಾತು ಆಡುವಂತಿಲ್ಲ. ಅವರನ್ನು ಆ ಮೈದಾನದಲ್ಲಿ ಇಳಿಸಿದ ನಿರ್ಧಾರದ ಬಗ್ಗೆ ನೂರು ಮಾತು ಆಡಬೇಕು. ಇವೆರಡನ್ನೂ ಬೆರೆಸಿಬಿಡುವುದು ನಮ್ಮ ದೊಡ್ಡ ಅಭ್ಯಾಸ. ನಿರ್ಧಾರವನ್ನು ಪ್ರಶ್ನಿಸಿದರೆ ಸೈನಿಕನಿಗೆ ಅವಮಾನ ಮಾಡಿದ ಹಾಗೆ ಎಂದು ಬಾಯಿ ಮುಚ್ಚಿಸುತ್ತೇವೆ.

ಇನ್ನೊಂದು ಕಡೆಯೂ ನೋಡಬೇಕು. ಅಕ್ಟೋಬರ್ 21, ದೀಪಾವಳಿಯ ದಿನ. ಜಾಫ್ನಾ ಆಸ್ಪತ್ರೆಯೊಳಗೆ ನಮ್ಮ ಸೈನಿಕರು ನುಗ್ಗಿದರು. ರೋಗಿಗಳು, ವೈದ್ಯರು, ನರ್ಸ್‌ಗಳು ಸೇರಿ 60ಕ್ಕೂ ಹೆಚ್ಚು ಜನ ಸತ್ತರು. ಒಳಗಿನಿಂದ ಎಲ್‌ಟಿಟಿಇ ಗುಂಡು ಹಾರಿಸಿತು, ಎರಡೂ ಕಡೆಯ ಗುಂಡಿನ ನಡುವೆ ಜನ ಸಿಕ್ಕಿಕೊಂಡರು ಎಂದು ನಮ್ಮ ಕಡೆಯವರು ಹೇಳಿದರು. ಬದುಕುಳಿದ ಸಿಬ್ಬಂದಿ, ನಾವು ಆಸ್ಪತ್ರೆಯವರು ಎಂದು ಕೂಗಿ ಹೇಳಿದರೂ ಗುಂಡು ಹೊಡೆದರು ಎಂದರು. ಹಾರ ಹಾಕಿದ ಊರಿನಲ್ಲಿ ಮೂರು ತಿಂಗಳೊಳಗೆ ಹೀಗಾಯಿತು. ಇದನ್ನು ಹೇಳಲು ನನಗೆ ಕಷ್ಟವಾಗುತ್ತದೆ. ಹೇಳದೆ ಬಿಟ್ಟರೆ ಈ ಚರ್ಚೆ ಅರ್ಧ ಸುಳ್ಳಾಗುತ್ತದೆ. ಗೆರಿಲ್ಲಾಗಳು ಜನರ ನಡುವೆ ಸೇರಿಕೊಂಡಿರುವ ಊರಿಗೆ ಪರದೇಶದ ಸೇನೆಯನ್ನು ಕಳಿಸಿದರೆ ಇಂಥದ್ದು ಆಗಿಯೇ ತೀರುತ್ತದೆ. ಆ ಸೇನೆ ನಮ್ಮದೇ ಆಗಿದ್ದರೂ ಅಷ್ಟೇ.

ಅಕ್ಟೋಬರ್ ಕೊನೆಗೆ ಜಾಫ್ನಾ ನಮ್ಮ ವಶಕ್ಕೆ ಬಂತು. ಎಲ್‌ಟಿಟಿಇ ವನ್ನಿ ಕಾಡಿಗೆ ಸರಿಯಿತು. ಕೆಲವೇ ದಿನದ ಕೆಲಸ ಎಂದುಕೊಂಡಿದ್ದು ವರ್ಷಗಟ್ಟಲೆ ಎಳೆಯಿತು. ಒಂದು ಡಿವಿಜನ್, ಅಂದರೆ ಸಾವಿರಾರು ಸೈನಿಕರ ಒಂದು ದೊಡ್ಡ ಪಡೆ, ಹೋದದ್ದು ನಾಲ್ಕು ಡಿವಿಜನ್ ಆಯಿತು. ಬೆಳಗಾವಿಯಲ್ಲಿ ಕೇಂದ್ರವಿರುವ ಮರಾಠಾ ಲೈಟ್ ಇನ್‌ಫೆಂಟ್ರಿಯ ಯೋಧರೂ ಅಲ್ಲಿದ್ದರು. ಮೇಜರ್ ರಾಮಸ್ವಾಮಿ ಪರಮೇಶ್ವರನ್ 1987ರ ನವೆಂಬರ್ 25ಕ್ಕೆ ಹೋರಾಡುತ್ತ ಸತ್ತರು. ಅವರಿಗೆ ಪರಮವೀರ ಚಕ್ರ ಬಂತು.

ಈಗ 1989ಕ್ಕೆ ಬರೋಣ. ಕೊಲಂಬೊದಲ್ಲಿ ಆಗ ಪ್ರೇಮದಾಸ ಅಧ್ಯಕ್ಷರು. ಒಪ್ಪಂದಕ್ಕೆ ಮೊದಲಿನಿಂದಲೂ ಅವರ ವಿರೋಧವಿತ್ತು. ಜೂನ್ 1ಕ್ಕೆ ಬಹಿರಂಗವಾಗಿ ಹೇಳಿಬಿಟ್ಟರು: ಜುಲೈ 29ರೊಳಗೆ, ಅಂದರೆ ಒಪ್ಪಂದಕ್ಕೆ ಎರಡು ವರ್ಷ ತುಂಬುವಷ್ಟರಲ್ಲಿ, ಭಾರತದ ಸೇನೆ ಹೊರಡಬೇಕು. ರಾಜೀವ್ ಗಾಂಧಿ ಒಪ್ಪಲಿಲ್ಲ. ಇಬ್ಬರ ನಡುವೆ ಕಾಗದದ ಮೇಲೆ ಕಾಗದ ಓಡಾಡಿತು. ನಿಜವಾದ ಚರ್ಚೆ ನಡೆದಿದ್ದು ಆ ಪತ್ರಗಳಲ್ಲಿ ಮತ್ತು ನಮ್ಮ ಪತ್ರಿಕೆಗಳಲ್ಲಿ. ಅಲ್ಲಿ ಬಂದ ವಾದಗಳು ಇವತ್ತಿಗೂ ಜಗತ್ತಿನ ಎಲ್ಲ ಕಡೆ ಇದ್ದ ಹಾಗೇ ಕೇಳಿಬರುತ್ತವೆ.

ಪ್ರೇಮದಾಸರ ವಾದ ಸರಳ. ನಮ್ಮ ದೇಶದ ಅಧ್ಯಕ್ಷರು ಕರೆದರು, ನೀವು ಬಂದಿರಿ. ಈಗ ಅಧ್ಯಕ್ಷನೇ ಹೋಗಿ ಅನ್ನುತ್ತಿದ್ದೇನೆ. ದೆಹಲಿಯ ಉತ್ತರ: ಇದು ಎರಡು ಸರ್ಕಾರಗಳ ಒಪ್ಪಂದ. ತಮಿಳರಿಗೆ ಅಧಿಕಾರ ಹಂಚುತ್ತೇವೆ ಎಂದು ನೀವು ಮಾತು ಕೊಟ್ಟಿದ್ದೀರಿ. ಅದು ಪೂರ್ತಿ ಜಾರಿಯಾಗಲಿ, ಜೊತೆಜೊತೆಗೆ ಸೇನೆಯೂ ಹೊರಡುತ್ತದೆ. ಈ ಉತ್ತರದಲ್ಲಿ ತಿರುಳಿದೆ ಅಂತ ನಾನು ಒಪ್ಪುತ್ತೇನೆ. ಆದರೆ ಮನೆಯವನು ಹೊರಡು ಅಂದ ಮೇಲೂ ಅವನ ನೆಲದಲ್ಲಿ ಸೇನೆ ನಿಂತರೆ, ಅದನ್ನು ಸಮರ್ಥಿಸಲು ಯಾವ ಒಪ್ಪಂದವೂ ಸಾಕಾಗುವುದಿಲ್ಲ. ನಮ್ಮ ನೆಲದಲ್ಲಿ ಬೇರೆ ದೇಶದ ಸೇನೆ ಹೀಗೆ ನಿಂತಿದ್ದರೆ ನಾವು ಒಪ್ಪುತ್ತಿದ್ದೆವಾ?

ಎರಡನೆಯ ವಾದ ಮರ್ಯಾದೆಯದು. ಉಪಖಂಡದ ದೊಡ್ಡ ದೇಶ ಗೆರಿಲ್ಲಾ ಗುಂಪಿಗೆ ಹೆದರಿ ಓಡಿತು ಅನ್ನಿಸಿಕೊಳ್ಳಬೇಕೇ? ಇದರ ಬಗ್ಗೆ ಜಾಸ್ತಿ ಹೊತ್ತು ಕಳೆಯುವುದಿಲ್ಲ. ಹತ್ತೊಂಬತ್ತು ವರ್ಷದ ಹುಡುಗ ನೆಲಬಾಂಬಿಗೆ ಕಾಲು ಕಳೆದುಕೊಳ್ಳುವುದಕ್ಕೆ ದೆಹಲಿಯ ಮರ್ಯಾದೆ ಸಾಕಾದ ಕಾರಣ ಅಲ್ಲ.

ಮೂರನೆಯದು ಮನಸ್ಸಿಗೆ ತಾಗುವ ವಾದ. ಈಗ ಬಂದುಬಿಟ್ಟರೆ ಸತ್ತವರ ಬಲಿದಾನ ವ್ಯರ್ಥವಾಯಿತಲ್ಲ? ಮಗನನ್ನು ಕಳೆದುಕೊಂಡ ತಾಯಿ ಹೀಗೆ ಕೇಳಿದರೆ ನನ್ನ ಹತ್ತಿರ ಉತ್ತರವಿಲ್ಲ, ತಲೆ ತಗ್ಗಿಸುತ್ತೇನೆ. ಆದರೆ ಸರ್ಕಾರ ಹೀಗೆ ಕೇಳಿದಾಗ ತಲೆ ತಗ್ಗಿಸಬಾರದು. ಯಾಕೆಂದರೆ ಈ ವಾದಕ್ಕೆ ಕೊನೆಯೇ ಇಲ್ಲ. ನೂರು ಜನ ಸತ್ತಾಗ ಆ ನೂರು ಜನರ ಹೆಸರಿನಲ್ಲಿ ಇನ್ನೂ ಇನ್ನೂರು ಜನರನ್ನು ಕಳಿಸಬಹುದು, ಆಮೇಲೆ ಆ ಮುನ್ನೂರರ ಹೆಸರಿನಲ್ಲಿ ಐನೂರು. ಅಮೆರಿಕದವರು ವಿಯೆಟ್ನಾಂನಲ್ಲಿ ಇದನ್ನೇ ಹೇಳುತ್ತ ಹೇಳುತ್ತ 58 ಸಾವಿರ ದಾಟಿದರು. ಸತ್ತವರಿಗೆ ಗೌರವ ಕೊಡುವುದು ಅವರ ಕುಟುಂಬವನ್ನು ನೋಡಿಕೊಂಡು, ನಿಜ ಹೇಳಿ. ಅವರ ಹೆಸರಿನಲ್ಲಿ ಹೊಸ ಸಾವಿಗೆ ಸಹಿ ಹಾಕುವುದು ಗೌರವ ಅಲ್ಲ.

ನಾಲ್ಕನೆಯ ವಾದ ಎಲ್ಲಕ್ಕಿಂತ ಗಟ್ಟಿ. ನಾವು ಹೊರಟರೆ ನಮ್ಮನ್ನು ನಂಬಿದವರ ಗತಿ ಏನು? ನಮ್ಮ ಸೇನೆ ವಾಪಸ್ ಬಂದಿದ್ದು ಸರಿ ಎಂದು ನಾನು ನಂಬುತ್ತೇನೆ. ಆದರೂ ಈ ಪ್ರಶ್ನೆ ಮುಂದೆ ಬಂದಾಗ ನನ್ನ ಮಾತು ನಿಧಾನವಾಗುತ್ತದೆ.

1988ರ ನವೆಂಬರ್‌ನಲ್ಲಿ ನಮ್ಮ ಸೇನೆಯ ಕಾವಲಿನಲ್ಲಿ ಉತ್ತರ–ಪೂರ್ವ ಪ್ರಾಂತೀಯ ಮಂಡಳಿಗೆ ಚುನಾವಣೆ ನಡೆಯಿತು. ಎಲ್‌ಟಿಟಿಇ ಬಹಿಷ್ಕರಿಸಿತು. ಭಾರತದ ಜೊತೆ ನಿಂತಿದ್ದ ಇನ್ನೊಂದು ತಮಿಳು ಗುಂಪು ಇಪಿಆರ್‌ಎಲ್‌ಎಫ್ ಗೆದ್ದಿತು. ವರದರಾಜ ಪೆರುಮಾಳ್ ಮುಖ್ಯಮಂತ್ರಿಯಾದರು. ಸೇನೆ ಹೊರಡುವುದು ಖಚಿತವಾದಾಗ ಅವರನ್ನು ಕಾಯುವವರು ಯಾರು ಎಂಬ ಪ್ರಶ್ನೆ ಎದ್ದಿತು. ಅದಕ್ಕೆ ಕಂಡುಕೊಂಡ ಉಪಾಯ 'ತಮಿಳು ನ್ಯಾಷನಲ್ ಆರ್ಮಿ'. ಭಾರತದ ಬೆಂಬಲದಲ್ಲಿ ಕಟ್ಟಿದ ಈ ಪಡೆಗೆ ಬೀದಿಯಲ್ಲಿ ಹೋಗುತ್ತಿದ್ದ ಹುಡುಗರನ್ನು ಹಿಡಿದು ಹಿಡಿದು ಸೇರಿಸಿದರು. ಶಾಲೆಗೆ ಹೋಗುವ ವಯಸ್ಸಿನವರೂ ಇದ್ದರು. ಅಲ್ಪಸ್ವಲ್ಪ ತರಬೇತಿ ಕೊಟ್ಟು ಕೈಗೆ ಬಂದೂಕು ಕೊಟ್ಟರು. ನಮ್ಮ ಸೇನೆ ಒಂದೊಂದೇ ಊರಿನಿಂದ ಹಿಂದೆ ಸರಿದ ಹಾಗೆ ಎಲ್‌ಟಿಟಿಇ ಒಂದೊಂದೇ ಊರಿಗೆ ಬಂತು. ಆ ಹುಡುಗರು ಓಡಿದರು, ಶರಣಾದರು. ಬಹಳ ಜನ ಸತ್ತರು. ಇನ್ನೊಂದು ಕ್ರೂರ ಸಂಗತಿ ಅಂದರೆ, ಭಾರತದ ಸೇನೆ ಬೇಗ ಹೊರಡಲಿ ಎಂದು ಪ್ರೇಮದಾಸ ಸರ್ಕಾರವೇ ಆಗ ಎಲ್‌ಟಿಟಿಇಗೆ ಆಯುಧ ಕೊಟ್ಟಿತ್ತು.

1990ರ ಮಾರ್ಚ್‌ನಲ್ಲಿ ಪೆರುಮಾಳ್ ಭಾರತಕ್ಕೆ ಬಂದು ಆಶ್ರಯ ಪಡೆದರು. ಆ ವರ್ಷದ ಜೂನ್‌ನಲ್ಲಿ ಅವರ ಪಕ್ಷದ ನಾಯಕ ಪದ್ಮನಾಭ ಅವರನ್ನು ಎಲ್‌ಟಿಟಿಇ ಮದರಾಸಿನಲ್ಲೇ ಕೊಂದಿತು. ಅದೇ ಜೂನ್‌ನಲ್ಲಿ ಎಲ್‌ಟಿಟಿಇ ಮತ್ತು ಶ್ರೀಲಂಕಾ ಸರ್ಕಾರದ ನಡುವೆ ಮತ್ತೆ ಯುದ್ಧ ಹತ್ತಿಕೊಂಡಿತು. ಲಕ್ಷಕ್ಕೂ ಹೆಚ್ಚು ಜನ ಸಮುದ್ರ ದಾಟಿ ತಮಿಳುನಾಡಿಗೆ ಬಂದರು. ಅಕ್ಟೋಬರ್‌ನಲ್ಲಿ ಎಲ್‌ಟಿಟಿಇ ಉತ್ತರದ ಮುಸ್ಲಿಮರನ್ನೆಲ್ಲ ಮನೆಮಠ ಬಿಡಿಸಿ ಓಡಿಸಿತು.

ಹಾಗಾದರೆ ಸೇನೆ ಅಲ್ಲೇ ಇರಬೇಕಿತ್ತಾ? ಎಲ್ಲಿಯವರೆಗೆ? ಆ ಯುದ್ಧ ಮುಗಿದದ್ದು 2009ರ ಮೇ ತಿಂಗಳಲ್ಲಿ. ಇನ್ನೂ ಹತ್ತೊಂಬತ್ತು ವರ್ಷ ನಮ್ಮ ಹುಡುಗರು ಅಲ್ಲಿ ಇರಬೇಕಿತ್ತು ಎಂದು ಹೇಳುವವರನ್ನು ನಾನು ನೋಡಿಲ್ಲ. ಹೊರಡುವುದು ಸರಿಯಾಗಿತ್ತು. ಹೊರಡುವ ರೀತಿ ತಪ್ಪಾಗಿತ್ತು. ನಮ್ಮನ್ನು ನಂಬಿದವರಿಗೆ ಹಡಗು ಬೇಕಿತ್ತು, ಭಾರತದಲ್ಲಿ ನೆಲೆ ಬೇಕಿತ್ತು. ನಾವು ಅವರ ಮಕ್ಕಳ ಕೈಗೆ ಬಂದೂಕು ಕೊಟ್ಟೆವು.

ಕೊನೆಯ ತುಕಡಿಗಳು ಮದರಾಸಿಗೆ ಬಂದಾಗ ತಮಿಳುನಾಡಿನ ಮುಖ್ಯಮಂತ್ರಿ ಕರುಣಾನಿಧಿ ಸ್ವಾಗತಕ್ಕೆ ಹೋಗಲಿಲ್ಲ. ಅಲ್ಲಿ ತಮಿಳರನ್ನು ಕೊಂದ ಸೇನೆ ಇದು ಎಂಬ ಸಿಟ್ಟು ಅವರಿಗಿತ್ತು. ಆ ಸಿಟ್ಟು ನನಗೆ ಅರ್ಥವಾಗುತ್ತದೆ, ಅದನ್ನು ಸೈನಿಕರ ಮೇಲೆ ತೋರಿಸಿದ್ದು ಒಪ್ಪಿಗೆಯಾಗುವುದಿಲ್ಲ. ಅಲ್ಲಿಗೆ ಹೋಗುತ್ತೇವೆ ಎಂದು ಸೈನಿಕರು ಕೇಳಿಕೊಂಡಿರಲಿಲ್ಲ.

ಯುದ್ಧ ಅಲ್ಲಿಗೇ ನಿಲ್ಲಲಿಲ್ಲ, ನಮ್ಮ ಬೆನ್ನಿಗೇ ಬಂತು. ಶಾಂತಿಪಾಲನಾ ಪಡೆ ಕಳಿಸಿದ ಸಿಟ್ಟಿಗೆ, ಮತ್ತೆ ಅಧಿಕಾರಕ್ಕೆ ಬಂದರೆ ಮತ್ತೆ ಕಳಿಸಿಯಾರು ಎಂಬ ಭಯಕ್ಕೆ, 1991ರ ಮೇ 21ರ ರಾತ್ರಿ ಶ್ರೀಪೆರಂಬದೂರಿನಲ್ಲಿ ಎಲ್‌ಟಿಟಿಇ ರಾಜೀವ್ ಗಾಂಧಿಯವರನ್ನು ಕೊಂದಿತು. ಆ ಸಂಚಿನ ಸೂತ್ರಧಾರ ಶಿವರಾಸನ್ ಮತ್ತು ಅವನ ಗುಂಪು ಆಗಸ್ಟ್‌ನಲ್ಲಿ ಬೆಂಗಳೂರಿನ ಕೋಣನಕುಂಟೆಯ ಮನೆಯೊಂದರಲ್ಲಿ ಸಿಕ್ಕಿಬಿದ್ದು ಸತ್ತರು. ಇವತ್ತು ಕೋಣನಕುಂಟೆಯಲ್ಲಿ ಮೆಟ್ರೋ ಓಡುತ್ತದೆ. ಹೋಗಿಬರುವ ಎಷ್ಟು ಜನರಿಗೆ ಇದು ಗೊತ್ತಿದೆಯೋ. ಪ್ರೇಮದಾಸರನ್ನೂ ಎಲ್‌ಟಿಟಿಇ ಬಿಡಲಿಲ್ಲ. 1993ರ ಮೇ 1ಕ್ಕೆ ಅವರೂ ಬಾಂಬಿಗೆ ಬಲಿಯಾದರು.

ಬೇರೆ ದೇಶಗಳ ಕಡೆ ಒಮ್ಮೆ ನೋಡಿದರೆ ಹೊರಡುವ ರೀತಿಯ ಬಗ್ಗೆ ಇನ್ನಷ್ಟು ತಿಳಿಯುತ್ತದೆ. ಸೋವಿಯತ್ ಸೇನೆ ಅಫ್ಗಾನಿಸ್ತಾನದಿಂದ 1989ರ ಫೆಬ್ರವರಿ 15ಕ್ಕೆ ಪೂರ್ತಿ ಹೊರಬಂತು. ಹಿಂದೆ ಬಿಟ್ಟು ಬಂದ ನಜೀಬುಲ್ಲಾ ಸರ್ಕಾರ ಆರು ತಿಂಗಳೂ ಉಳಿಯುವುದಿಲ್ಲ ಎಂದೇ ಬಹಳ ಜನ ಎಣಿಸಿದ್ದರು. ಅದು ಮೂರು ವರ್ಷ ನಿಂತಿತು. ಸೈನಿಕರು ಬಂದರೂ ಹಣ, ಎಣ್ಣೆ, ಗೋಧಿ, ಆಯುಧ ಬರುವುದು ನಿಂತಿರಲಿಲ್ಲ. ಸೋವಿಯತ್ ಒಕ್ಕೂಟ ಒಡೆದು ಅದೂ ನಿಂತಾಗ, 1992ರ ಏಪ್ರಿಲ್‌ನಲ್ಲಿ ಸರ್ಕಾರ ಬಿತ್ತು. ಅಮೆರಿಕದವರು 2020ರ ಫೆಬ್ರವರಿಯಲ್ಲಿ ದೋಹಾದಲ್ಲಿ ತಾಲಿಬಾನ್ ಜೊತೆ ಒಪ್ಪಂದ ಮಾಡಿಕೊಂಡರು. ಕಾಬೂಲ್ ಸರ್ಕಾರ ಆ ಮೇಜಿನಲ್ಲಿ ಇರಲೇ ಇಲ್ಲ. ಕೊನೆಯ ವಿಮಾನ ಏರುವ ಮೊದಲೇ ಕಾಬೂಲ್ ಬಿತ್ತು. ಯಾರ ಮೇಲೆ ಒಪ್ಪಂದ ಹೊರಿಸುತ್ತೇವೋ ಅವರನ್ನು ಹೊರಗೆ ಕೂರಿಸಿ ಸಹಿ ಹಾಕುವ ಚಾಳಿ ಕೊಲಂಬೊದಲ್ಲೂ ಇತ್ತು, ದೋಹಾದಲ್ಲೂ ಇತ್ತು.

ಈಗ ಚರ್ಚೆ ಎಲ್ಲಿ ನಡೆಯಬೇಕು ಎಂಬ ವಿಷಯ. ಭಾರತ ಸರ್ಕಾರ ಸೇನೆಯನ್ನು ಹೊರದೇಶಕ್ಕೆ ಕಳಿಸಲು ಸಂಸತ್ತಿನ ಒಪ್ಪಿಗೆ ಪಡೆಯಲೇಬೇಕು ಎಂಬ ನಿಯಮ ನಮ್ಮಲ್ಲಿಲ್ಲ. ಸಂಪುಟ ತೀರ್ಮಾನಿಸಿದರೆ ಸಾಕು. 1987ರಲ್ಲಿ ಸಂಸತ್ತು ಸುಮ್ನೆ ಕೂತಿರಲಿಲ್ಲ. ಹೇಳಿಕೆಗಳು ಬಂದವು, ವಿರೋಧ ಪಕ್ಷದವರು ಪ್ರಶ್ನೆ ಕೇಳಿದರು. ಆದರೆ ಹೌದು, ಅಲ್ಲ ಎಂದು ಮತ ಹಾಕುವ ಘಟ್ಟವೇ ಬರಲಿಲ್ಲ. ಜರ್ಮನಿಯಲ್ಲಿ ಹಾಗಿಲ್ಲ. 1994ರಲ್ಲಿ ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ ಕೊಟ್ಟ ತೀರ್ಪಿನಂತೆ ಸೇನೆ ಹೊರಗೆ ಹೋರಾಟಕ್ಕೆ ಹೋಗಬೇಕಾದರೆ ಸಂಸತ್ತು ಒಪ್ಪಬೇಕು. ಒಪ್ಪಿಗೆ ಕೊಡುವುದೂ ಸಾಮಾನ್ಯವಾಗಿ ಇಂತಿಷ್ಟು ಅವಧಿಗೆ. ಅವಧಿ ಮುಗಿದರೆ ಮತ್ತೆ ಬಂದು ಕೇಳಬೇಕು.

ಅವಧಿ ಯಾಕೆ ಮುಖ್ಯ ಅಂತ ಅಮೆರಿಕದ ಕಥೆ ಹೇಳುತ್ತದೆ. 1964ರಲ್ಲಿ, ವಿಯೆಟ್ನಾಂ ಕಡೆ ಸೇನೆ ಬಳಸಲು ಅಧ್ಯಕ್ಷರಿಗೆ ಅಧಿಕಾರ ಕೊಟ್ಟ ಟೊಂಕಿನ್ ಕೊಲ್ಲಿಯ ನಿರ್ಣಯಕ್ಕೆ ಅಲ್ಲಿನ ಕೆಳಮನೆಯಲ್ಲಿ ಒಂದೂ ವಿರೋಧ ಮತ ಬೀಳಲಿಲ್ಲ. ಮೇಲ್ಮನೆಯಲ್ಲಿ ಬಿದ್ದದ್ದು ಎರಡು. ಅದನ್ನೇ ಹಿಡಿದುಕೊಂಡು ವಿಯೆಟ್ನಾಂ ಯುದ್ಧ ವರ್ಷಗಟ್ಟಲೆ ನಡೆಯಿತು. 2001ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕ್ ಅವಳಿ ಗೋಪುರದ ದಾಳಿಯ ಮೇಲೆ ಮತ್ತೆ ಅಂಥದೇ ಒಂದು ನಿರ್ಣಯ. ಎರಡೂ ಮನೆ ಸೇರಿ ವಿರೋಧಿಸಿದ್ದು ಒಬ್ಬರೇ, ಕೆಳಮನೆಯ ಸದಸ್ಯೆ ಬಾರ್ಬರಾ ಲೀ. ಆ ನಿರ್ಣಯದಲ್ಲಿ ಕೊನೆಯ ದಿನಾಂಕವೇ ಇರಲಿಲ್ಲ. ಇಪ್ಪತ್ತು ವರ್ಷ, ಎಷ್ಟೋ ದೇಶಗಳಲ್ಲಿ, ಅದನ್ನೇ ತೋರಿಸಿ ಯುದ್ಧ ಮಾಡಿದರು. ಒಂದು ಸಲ ಮತ ಹಾಕಿ ಕೈತೊಳೆದುಕೊಂಡರೆ ಮತ ಹಾಕದೇ ಇದ್ದದ್ದಕ್ಕೂ ಅದಕ್ಕೂ ವ್ಯತ್ಯಾಸ ಕಡಿಮೆ.

ನಮ್ಮಲ್ಲಿ ಒಮ್ಮೆ ಸರಿಯಾದ ಸಮಯಕ್ಕೆ ಚರ್ಚೆ ನಡೆದದ್ದೂ ಇದೆ. ಅದನ್ನು ಸಂತೋಷದಿಂದ ಹೇಳುತ್ತೇನೆ. 2003ರಲ್ಲಿ ಇರಾಕ್‌ಗೆ ಸೇನೆ ಕಳಿಸಿ ಎಂದು ಅಮೆರಿಕ ನಮ್ಮನ್ನು ಕೇಳಿತು. ಹೆಚ್ಚುಕಮ್ಮಿ ಒಂದು ಡಿವಿಜನ್ ಕಳಿಸುವ ಮಾತಿತ್ತು. ಕಳಿಸಿದರೆ ಜಗತ್ತಿನಲ್ಲಿ ನಮ್ಮ ತೂಕ ಹೆಚ್ಚುತ್ತದೆ ಎಂದು ದೆಹಲಿಯಲ್ಲಿ ದೊಡ್ಡ ದೊಡ್ಡವರೇ ವಾದಿಸಿದರು. ಏಪ್ರಿಲ್‌ನಲ್ಲೇ ಲೋಕಸಭೆ ಆ ಯುದ್ಧವನ್ನು ಖಂಡಿಸಿ ನಿರ್ಣಯ ಮಾಡಿತ್ತು. ವಾಜಪೇಯಿಯವರು ವಿರೋಧ ಪಕ್ಷದವರನ್ನೂ ಕೇಳಿದರು. ಜುಲೈ 14ಕ್ಕೆ ಭದ್ರತಾ ಸಂಪುಟ ಸಮಿತಿ, ವಿಶ್ವಸಂಸ್ಥೆಯ ಸ್ಪಷ್ಟ ಆದೇಶವಿಲ್ಲದೆ ಕಳಿಸುವುದಿಲ್ಲ ಎಂದು ತೀರ್ಮಾನಿಸಿತು. ಮುಂದೆ ಇರಾಕ್‌ನಲ್ಲಿ ಏನಾಯಿತು ಎಂಬುದು ನಿಮಗೆ ಗೊತ್ತು. ಅಲ್ಲಿ ಸಾಯದೇ ಉಳಿದ ನಮ್ಮ ಹುಡುಗರ ಲೆಕ್ಕ ಯಾರೂ ಇಟ್ಟಿಲ್ಲ, ಇಡಲೂ ಬರುವುದಿಲ್ಲ.

ಇನ್ನು ಪ್ರಶ್ನೆಗಳಿಗೆ ಬರುತ್ತೇನೆ.

ಒಬ್ಬ ವಿದ್ಯಾರ್ಥಿನಿ ಕೇಳಿದರು: 'ಸರ್, ಆಗ ರಾಜೀವ್ ಗಾಂಧಿಯವರಿಗೆ ಲೋಕಸಭೆಯಲ್ಲಿ 400ಕ್ಕೂ ಹೆಚ್ಚು ಸ್ಥಾನ ಇದ್ದವು. ಮತಕ್ಕೆ ಹಾಕಿದ್ದರೂ ಗೆಲ್ಲುತ್ತಿದ್ದರಲ್ಲ, ಏನು ವ್ಯತ್ಯಾಸ?' ಒಳ್ಳೆಯ ಪ್ರಶ್ನೆ. ಗೆಲ್ಲುತ್ತಿದ್ದರು ನಿಜ. ಆದರೆ ಗೆಲ್ಲುವ ಮೊದಲು ಎದ್ದು ನಿಂತು ಕೆಲವು ವಿಷಯ ಹೇಳಲೇಬೇಕಾಗುತ್ತಿತ್ತು. ಗುರಿ ಏನು? ಎಷ್ಟು ಸೈನಿಕರು? ಎಷ್ಟು ದಿನ? ಏನಾದರೆ ಮುಗಿಯಿತು ಅಂತ ತಿಳಿಯಬೇಕು? ಇದು ದಾಖಲೆಗೆ ಹೋಗುತ್ತಿತ್ತು. ಆರು ತಿಂಗಳ ಮೇಲೆ ಅದೇ ದಾಖಲೆ ತೆಗೆದು, ನೀವು ಹೇಳಿದ್ದು ಒಂದು ಡಿವಿಜನ್, ಈಗ ಎಷ್ಟಾಗಿದೆ ಎಂದು ಕೇಳಬಹುದಿತ್ತು. ಆಡಳಿತ ಪಕ್ಷದವರಿಗೂ ಅವರವರ ಊರಿನಲ್ಲಿ ಶವಪೆಟ್ಟಿಗೆ ಇಳಿಯುತ್ತಿತ್ತಲ್ಲ.

ಇನ್ನೊಬ್ಬರು, ನಿವೃತ್ತ ಮೇಷ್ಟ್ರು, ಕೇಳಿದರು: 'ಎಲ್ಲ ಬಹಿರಂಗವಾಗಿ ಚರ್ಚಿಸಿದರೆ ಶತ್ರುವಿಗೆ ಅನುಕೂಲ ಆಗುವುದಿಲ್ಲವೇ?' ಯಾವ ರಾತ್ರಿ ಯಾವ ಮೈದಾನದಲ್ಲಿ ಇಳಿಯುತ್ತೇವೆ ಎಂಬುದು ಗುಟ್ಟಾಗಿರಬೇಕು, ಸರಿ. ಯಾಕೆ ಅಲ್ಲಿದ್ದೇವೆ ಎಂಬುದು ಗುಟ್ಟಲ್ಲ. ಜಾಫ್ನಾ ಮೈದಾನದ ಗುಟ್ಟು ಸೋರಿದ್ದು ಸಂಸತ್ತಿನಿಂದ ಅಲ್ಲವಲ್ಲ. ಕಾರ್ಗಿಲ್ ಯುದ್ಧ ಮುಗಿದ ಕೂಡಲೇ ಕೆ. ಸುಬ್ರಹ್ಮಣ್ಯಂ ನೇತೃತ್ವದಲ್ಲಿ ಪರಿಶೀಲನಾ ಸಮಿತಿ ಆಯಿತು. ಕೆಲವು ಭಾಗ ಮುಚ್ಚಿಟ್ಟು, ವರದಿಯನ್ನು ಸಂಸತ್ತಿನಲ್ಲಿ ಇಟ್ಟರು. ದೇಶಕ್ಕೆ ಅದರಿಂದ ಒಳ್ಳೆಯದೇ ಆಯಿತು. ಶ್ರೀಲಂಕಾ ಕಾರ್ಯಾಚರಣೆಗೆ ಅಂಥ ಸಮಿತಿ ಆಗಲಿಲ್ಲ. ಕೊಲಂಬೊ ಪಕ್ಕದಲ್ಲಿ ನಮ್ಮ ಯೋಧರ ಸ್ಮಾರಕವನ್ನು ಶ್ರೀಲಂಕಾ ಕಟ್ಟಿದೆ, ಹೆಸರುಗಳ ಸಮೇತ. ಅವರು ಯಾಕೆ ಸತ್ತರು ಎಂದು ಹೇಳುವ ಕೆಲಸ ನಮ್ಮದು, ಅದು ಇನ್ನೂ ಬಾಕಿ ಇದೆ.

ಕೊನೆಗೆ ಒಬ್ಬ ಹುಡುಗ ನೇರವಾಗಿ ಕೇಳಿದ: 'ನಾವು ಏನು ಮಾಡಬಹುದು?' ಶುಕ್ರವಾರ ಮಧ್ಯಾಹ್ನ ಲೋಕಸಭೆಯಲ್ಲಿ ಖಾಸಗಿ ಸದಸ್ಯರ ಮಸೂದೆಗಳಿಗೆ ಸಮಯ ಇರುತ್ತದೆ. ಮಂತ್ರಿಯಲ್ಲದ ಯಾವ ಸಂಸದರು ಬೇಕಾದರೂ ಮಸೂದೆ ತರಬಹುದು. ನಿಮ್ಮ ಕ್ಷೇತ್ರದ ಸಂಸದರಿಗೆ ಪತ್ರ ಬರೆಯಿರಿ. ಸೇನೆ ಹೋರಾಟಕ್ಕೆ ಹೊರದೇಶಕ್ಕೆ ಹೋದರೆ ಇಷ್ಟು ದಿನದೊಳಗೆ ಸಂಸತ್ತು ಮತ ಹಾಕಬೇಕು, ಆರು ತಿಂಗಳಿಗೊಮ್ಮೆ ಮತ್ತೆ ಹಾಕಬೇಕು, ಸೇನೆಗೆ ಕೊಟ್ಟ ಕೆಲಸ ಬದಲಾದರೆ ಆ ವಾರವೇ ಹಾಕಬೇಕು ಎಂದು ಕೇಳಿ. ನಮ್ಮ ಜೊತೆ ನಿಂತ ಸ್ಥಳೀಯರಿಗೆ ಆಶ್ರಯ ಕೊಡುವ ಕಲಮೂ ಅದರಲ್ಲಿ ಇರಲಿ. ಇಂಥ ಮಸೂದೆಗಳು ಪಾಸಾಗುವುದು ತೀರಾ ಅಪರೂಪ, ಅದು ಗೊತ್ತಿದ್ದೇ ಹೇಳುತ್ತಿದ್ದೇನೆ. ಪತ್ರದ ಕರಡು ನೀವು ಬರೆದು ತನ್ನಿ, ಮುಂದಿನ ಕೂಟದಲ್ಲಿ ಕೂತು ತಿದ್ದೋಣ.